ಹಂಚಿಕೊಂಡ ಗ್ರಂಥಾಲಯವನ್ನು ಅಳೆಯುವ ಬಗೆ: ಅರಸೀಕೆರೆಯ ನೆಲೆಯಿಂದ ಒಂದು ಸಂವಾದ

ಉನ್ನತ ಶಿಕ್ಷಣದ ಚರ್ಚೆಗಳಲ್ಲಿ 'ಕಲಿಕಾ ಸಂಪನ್ಮೂಲ' ಎಂಬ ಮಾತು ಪಠ್ಯಪುಸ್ತಕ, ಆಕರ ಗ್ರಂಥ, ನಿಯತಕಾಲಿಕ, ವಿದ್ಯುನ್ಮಾನ ದತ್ತಸಂಚಯ, ದೃಶ್ಯಮುದ್ರಿತ ಪಾಠಗಳು ಮತ್ತು ಇವೆಲ್ಲವನ್ನೂ ಓದುಗರಿಗೆ ತಲುಪಿಸುವ ಗ್ರಂಥಾಲಯ ಸೇವೆಯನ್ನು ಒಟ್ಟಾಗಿ ಸೂಚಿಸುತ್ತದೆ. ಇವುಗಳಲ್ಲಿ ಒಂದೇ ಸಂಸ್ಥೆಯ ಸ್ವತ್ತಾಗಿರದೆ ಹಲವು ಸಂಸ್ಥೆಗಳು ಕೂಡಿ ಕೊಳ್ಳುವ ಅಥವಾ ಕೂಡಿ ಬಳಸುವ ಭಾಗವನ್ನು ಇಲ್ಲಿ 'ಹಂಚಿಕೆಯ ಸಂಪನ್ಮೂಲ' ಎಂದು ಕರೆಯಲಾಗಿದೆ. ಹಾಸನ ಜಿಲ್ಲೆಯಲ್ಲಿ ಈ ವಿಷಯಕ್ಕೆ ಈಚೆಗೆ ವಿಶೇಷ ಮಹತ್ತ್ವ ಬಂದಿದೆ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯನ್ನು ನೆಲೆಯಾಗಿಸಿಕೊಂಡು 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆರಂಭವಾದಾಗ, 1916ರಿಂದ ಬೆಳೆದುಬಂದ ಹಿರಿಯ ವಿಶ್ವವಿದ್ಯಾಲಯದ ಸಂಗ್ರಹಗಳ ಜೊತೆ ಜಿಲ್ಲೆಗಿದ್ದ ಸಂಬಂಧವನ್ನು ಹೊಸದಾಗಿ ನಿರೂಪಿಸಿಕೊಳ್ಳಬೇಕಾದ ಪ್ರಸಂಗ ಒದಗಿತು. ಮುಂದಿನ ಸಂವಾದವನ್ನು ಅರಸೀಕೆರೆಯ ಪದವಿ ಶಿಕ್ಷಣದ ಹಿನ್ನೆಲೆಯಲ್ಲಿ ಕಲ್ಪಿಸಲಾಗಿದ್ದು, ಇದರಲ್ಲಿ ಇಬ್ಬರು ಮಾತನಾಡುತ್ತಾರೆ. ಇತಿಹಾಸದ ಅಧ್ಯಾಪಕಿಯು ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶದ, ಕಾಲೇಜುಗಳಲ್ಲಿ ಐಕ್ಯೂಎಸಿ ಎಂದೇ ಪರಿಚಿತವಾದ ಘಟಕದ, ಸಂಚಾಲಕಿಯೂ ಹೌದು; ಗ್ರಂಥಪಾಲಕರು ಕಾರ್ಡು ಕ್ಯಾಟಲಾಗಿನ ಕಾಲದಿಂದ ಬಾರ್‌ಕೋಡಿನ ಕಾಲದವರೆಗೆ ಇದೇ ವೃತ್ತಿಯಲ್ಲಿರುವ ಹಿರಿಯರು.

ಅಧ್ಯಾಪಕಿ: ಗ್ರಂಥಾಲಯಕ್ಕೆ ಅಳತೆಗೋಲೇ ಇಲ್ಲವೆಂದು ಯಾರೂ ದೂರುವಂತಿಲ್ಲ, ಸರ್. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಿಂದ ಕೆಲಸ ಮಾಡುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, 2017ರಲ್ಲಿ ಜಾರಿಗೆ ತಂದ ಚೌಕಟ್ಟಿನಲ್ಲಿ ಒಟ್ಟು 1,000 ಅಂಕಗಳಿದ್ದು, ಮೂಲಸೌಕರ್ಯ ಮತ್ತು ಕಲಿಕಾ ಸಂಪನ್ಮೂಲವೆಂಬ ನಾಲ್ಕನೆಯ ಮಾನದಂಡಕ್ಕೆ 100 ಅಂಕಗಳೂ ಅದರೊಳಗೆ ಗ್ರಂಥಾಲಯಕ್ಕೆ 20 ಅಂಕಗಳೂ ಮೀಸಲಾದವು. ಗ್ರಂಥಾಲಯ ಗಣಕೀಕೃತವಾಗಿದೆಯೇ, ವಿದ್ಯುನ್ಮಾನ ಸಂಪನ್ಮೂಲಗಳಿಗೆ ಚಂದಾ ಇದೆಯೇ, ಐದು ವರ್ಷಗಳ ಅವಧಿಯಲ್ಲಿ ಪುಸ್ತಕಗಳಿಗೂ ನಿಯತಕಾಲಿಕಗಳಿಗೂ ವರ್ಷಕ್ಕೆ ಸರಾಸರಿ ಎಷ್ಟು ವೆಚ್ಚವಾಗಿದೆ, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳಲ್ಲಿ ಶೇಕಡ ಎಷ್ಟು ಮಂದಿ ದಿನವೂ ಗ್ರಂಥಾಲಯವನ್ನು ಬಳಸುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ದಾಖಲೆಸಮೇತ ಉತ್ತರ ಕೊಡಬೇಕಿತ್ತು. 2015ರಲ್ಲಿ ರೂಪುಗೊಂಡ ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕ ಚೌಕಟ್ಟು, ಎನ್‌ಐಆರ್‌ಎಫ್ ಎಂದು ಹೆಸರಾದದ್ದು, ಅದೂ ಗ್ರಂಥಾಲಯದ ವೆಚ್ಚವನ್ನು ಕೇಳುತ್ತದೆ. ಲೆಕ್ಕ ಸ್ಪಷ್ಟವಾಗಿದೆ, ಯಾರು ಬೇಕಾದರೂ ಪರಿಶೀಲಿಸಬಹುದು.

ಗ್ರಂಥಪಾಲಕ: ಲೆಕ್ಕ ಸ್ಪಷ್ಟವಾಗಿರುವುದು ನಿಜ, ಮೇಡಂ, ಆದರೆ ಆ ನಾಲ್ಕರಲ್ಲಿ ಮೊದಲ ಮೂರು ಪ್ರಶ್ನೆಗಳು ಸಂಸ್ಥೆಯ ಬಳಿ ಏನಿದೆ, ಅದಕ್ಕೆ ಎಷ್ಟು ಖರ್ಚಾಗಿದೆ ಎಂದು ಕೇಳುತ್ತವೆ, ಕೊನೆಯದು ಬಾಗಿಲು ದಾಟಿ ಒಳಬಂದವರನ್ನು ಎಣಿಸುತ್ತದೆ, ಬಂದವರಿಗೆ ಬೇಕಾದುದು ಸಿಕ್ಕಿತೇ ಎಂದು ಯಾವುದೂ ಕೇಳುವುದಿಲ್ಲ. ವೆಚ್ಚದ ಅಂಕಿ ಎಷ್ಟು ದಾರಿ ತಪ್ಪಿಸಬಲ್ಲದೆಂಬುದಕ್ಕೆ ಕರ್ನಾಟಕದ ಈಚಿನ ಅನುಭವವೇ ಸಾಕು. ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ರಾಜ್ಯದ ಪದವಿ ತರಗತಿಗಳಿಗೆ 2021-22ರಲ್ಲಿ ಬಂದಿತು, 2024-25ರಿಂದ ಮೂರು ವರ್ಷದ ಪದವಿಯ ಬೇರೆ ಪಠ್ಯಕ್ರಮ ಅದರ ಜಾಗಕ್ಕೆ ಬಂದಿತು. ಮೊದಲನೆಯದಕ್ಕಾಗಿ ಕೊಂಡ ಸೆಮಿಸ್ಟರ್ ಪುಸ್ತಕಗಳು ಕಪಾಟಿನಲ್ಲೇ ಉಳಿದರೂ ಐದು ವರ್ಷದ ಸರಾಸರಿಯಲ್ಲಿ ಅವುಗಳ ಬೆಲೆ ಸೇರುತ್ತದೆ, ಎರಡನೆಯದಕ್ಕಾಗಿ ಮತ್ತೆ ಕೊಂಡವುಗಳ ಬೆಲೆಯೂ ಸೇರುತ್ತದೆ. ನೀತಿಯ ಅಸ್ಥಿರತೆಯಿಂದ ಆದ ನಷ್ಟ ಮೌಲ್ಯಾಂಕನದ ಪುಟದಲ್ಲಿ ಗ್ರಂಥಾಲಯದ ಏಳಿಗೆಯಾಗಿ ಕಾಣುತ್ತದೆ.

ಅಧ್ಯಾಪಕಿ: ಅದಕ್ಕೆ ಪ್ರತಿಯಾಗಿ ಒಂದು ಮಾತನ್ನು ನೆನಪಿಡಬೇಕು. ಭೇಟಿ ಕೊಡುವ ಪರಿಶೀಲನಾ ತಂಡದ ಅಭಿಪ್ರಾಯಕ್ಕೆ ಹೆಚ್ಚು ತೂಕವಿದ್ದ ಹಿಂದಿನ ಪದ್ಧತಿಯಲ್ಲಿ, ಹೆಸರಾಂತ ನಗರ ಕಾಲೇಜಿನ ಕಟ್ಟಡ ಬೀರುವ ಪ್ರಭಾವವೇ ಬೇರೆ, ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಎರಡು ಕೋಣೆಯ ಗ್ರಂಥಾಲಯ ಬೀರುವ ಪ್ರಭಾವವೇ ಬೇರೆ. ಅಂಕಿಗಳಿಗೆ ಪ್ರಾಧಾನ್ಯ ಬಂದುದರಿಂದ ಸಣ್ಣ ಊರಿನ ಸಂಸ್ಥೆಗೆ ಒಂದು ರಕ್ಷಣೆ ದೊರೆತಿದೆ, ಇಲಾಖೆಯ ಮುಂದೆ ಅನುದಾನ ಕೇಳಲು ಒಂದು ಆಧಾರವೂ ದೊರೆತಿದೆ. ಬಾಗಿಲಿನ ಎಣಿಕೆಯನ್ನೂ ಹಗುರವಾಗಿ ಕಾಣುವುದು ತರವಲ್ಲ. ಬಾಣಾವರ, ಜಾವಗಲ್, ಗಂಡಸಿ, ಕಣಕಟ್ಟೆ ಹೋಬಳಿಗಳಿಂದ ಬರುವ ವಿದ್ಯಾರ್ಥಿಗೆ ಗ್ರಂಥಾಲಯವೆಂದರೆ ಎರಡು ತರಗತಿಗಳ ನಡುವೆ ಕೂರಲು ಸಿಗುವ ನಿಶ್ಶಬ್ದವಾದ ಜಾಗ, ದಿನಪತ್ರಿಕೆ ಸಿಗುವ ಜಾಗ, ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಜಾಗ. ಅಲ್ಲಿ ಪುಸ್ತಕ ಎರವಲು ಪಡೆಯದವರೂ ಗ್ರಂಥಾಲಯವನ್ನು ಬಳಸಿದವರೇ.

ಗ್ರಂಥಪಾಲಕ: ಅದನ್ನು ಒಪ್ಪಲೇಬೇಕು, ಮತ್ತು ಅದನ್ನು ಪ್ರತ್ಯೇಕವಾಗಿ ಅಳೆಯುವ ವಿಧಾನವೂ ಇದೆ. ಅಮೆರಿಕದ ಸಂಶೋಧನಾ ಗ್ರಂಥಾಲಯಗಳ ಸಂಘ ಟೆಕ್ಸಾಸಿನ ಎ ಅಂಡ್ ಎಂ ವಿಶ್ವವಿದ್ಯಾಲಯದ ಜೊತೆಗೂಡಿ 2000ದ ಸುಮಾರಿಗೆ ರೂಪಿಸಿದ ಲಿಬ್‌ಕ್ವಾಲ್ ಎಂಬ ಸಮೀಕ್ಷೆ 22 ಪ್ರಶ್ನೆಗಳನ್ನು ಮೂರು ಗುಂಪುಗಳಲ್ಲಿ ಕೇಳುತ್ತದೆ: ಸಿಬ್ಬಂದಿ ಓದುಗರನ್ನು ನಡೆಸಿಕೊಳ್ಳುವ ರೀತಿ, ಬೇಕಾದ ಮಾಹಿತಿಯನ್ನು ಓದುಗರು ತಾವೇ ಹುಡುಕಿ ಪಡೆಯಬಲ್ಲ ಸ್ಥಿತಿ, ಓದುವ ಸ್ಥಳವಾಗಿ ಗ್ರಂಥಾಲಯದ ಯೋಗ್ಯತೆ. ಪ್ರತಿಯೊಂದಕ್ಕೂ ಓದುಗರು ಮೂರು ಉತ್ತರ ಕೊಡುತ್ತಾರೆ, ಅಂದರೆ ಸಹಿಸಬಹುದಾದ ಕನಿಷ್ಠ ಮಟ್ಟ ಯಾವುದು, ಬಯಸುವ ಮಟ್ಟ ಯಾವುದು, ಈಗ ಸಿಗುತ್ತಿರುವುದು ಎಷ್ಟು ಎಂಬುದು. ಕನಿಷ್ಠಕ್ಕೂ ಬಯಕೆಗೂ ನಡುವಿನ ಅಂತರವನ್ನು ಸಹನೆಯ ವಲಯ ಎನ್ನುತ್ತಾರೆ, ಸಿಗುತ್ತಿರುವ ಸೇವೆ ಅದರ ಕೆಳಗೆ ಜಾರಿದರೆ ಅದು ಎಚ್ಚರಿಕೆಯ ಸೂಚನೆ. ಬಾಗಿಲಿನ ಎಣಿಕೆ ಒಂದೇ ಅಂಕಿಯಲ್ಲಿ ಬೆರೆಸಿಬಿಡುವ ಸ್ಥಳ, ಸೇವೆ, ಸಂಗ್ರಹಗಳನ್ನು ಈ ಸಮೀಕ್ಷೆ ಬಿಡಿಸಿ ತೋರಿಸುತ್ತದೆ.

ಅಧ್ಯಾಪಕಿ: ಆದರೆ ಆ ಸಮೀಕ್ಷೆಯೂ ಓದುಗರ ನಿರೀಕ್ಷೆಯನ್ನೇ ಆಧರಿಸುತ್ತದೆ. ಒಳ್ಳೆಯ ಗ್ರಂಥಾಲಯವನ್ನು ಹಿಂದೆಂದೂ ಕಾಣದ ವಿದ್ಯಾರ್ಥಿ ಇರುವುದರಲ್ಲೇ ತೃಪ್ತಳಾಗಿ ಉತ್ತಮ ಅಂಕ ಕೊಡುತ್ತಾಳೆ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಓದಿಬಂದ ಅಧ್ಯಾಪಕ ಅದೇ ಸೇವೆಗೆ ಕಡಿಮೆ ಅಂಕ ಕೊಡುತ್ತಾನೆ. ಹೀಗಾದಾಗ ಕೊರತೆ ಹೆಚ್ಚಾಗಿರುವಲ್ಲಿಯೇ ದೂರು ಕಡಿಮೆಯಾಗಿ ಕಾಣುವ ಅಪಾಯವಿದೆ. ತೃಪ್ತಿಯನ್ನು ಅವಲಂಬಿಸದೆ ಸೇವೆಯನ್ನು ಅಳೆಯುವ ದಾರಿ ಬೇಕು.

ಗ್ರಂಥಪಾಲಕ: ಆ ದಾರಿಯ ಕಡೆಗೆ ಹೋಗುವ ಮುನ್ನ ಹಂಚಿಕೆಯ ಸಂಪನ್ಮೂಲಗಳ ಈಗಿನ ಸ್ಥಿತಿಯನ್ನು ನೋಡುವುದು ಒಳ್ಳೆಯದು, ಏಕೆಂದರೆ ಅಳತೆಯ ಕಷ್ಟ ಅಲ್ಲಿಯೇ ಹೆಚ್ಚು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯಲು ಯುಜಿಸಿ 1991ರಲ್ಲಿ ಆರಂಭಿಸಿದ ಇನ್‌ಫ್ಲಿಬ್‌ನೆಟ್, ಈಗ ಗಾಂಧಿನಗರದಲ್ಲಿರುವ ಕೇಂದ್ರ, 2010ರಲ್ಲಿ ಎನ್-ಲಿಸ್ಟ್ ಎಂಬ ಯೋಜನೆಯ ಮೂಲಕ ಪದವಿ ಕಾಲೇಜುಗಳಿಗೂ ಸಾವಿರಾರು ವಿದ್ಯುನ್ಮಾನ ನಿಯತಕಾಲಿಕಗಳನ್ನು ತೆರೆಯಿತು. ಕರ್ನಾಟಕದಲ್ಲಿಯೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಹೆಲಿನೆಟ್ ಎಂಬ ಒಕ್ಕೂಟವನ್ನು ಕಟ್ಟಿ ತನ್ನ ಕಾಲೇಜುಗಳಿಗೆಲ್ಲ ವೈದ್ಯಕೀಯ ನಿಯತಕಾಲಿಕಗಳನ್ನು ಕೂಡಿ ಕೊಳ್ಳುವ ವ್ಯವಸ್ಥೆ ಮಾಡಿತು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಅದೇ ಬಗೆಯ ಒಕ್ಕೂಟವನ್ನು ನಡೆಸುತ್ತಿದೆ. ಈಗ ಇವೆಲ್ಲಕ್ಕಿಂತ ದೊಡ್ಡದು ಬಂದಿದೆ: 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ದೊರಕಿಸುತ್ತದೆ.

ಅಧ್ಯಾಪಕಿ: ಹಾಗಾದರೆ ಸರ್ಕಾರಿ ಕಾಲೇಜಿನ ವರದಿಯಲ್ಲಿ 13,000 ನಿಯತಕಾಲಿಕಗಳು ಲಭ್ಯವೆಂದು ಬರೆಯಬಹುದು, ದೆಹಲಿಯ ದೊಡ್ಡ ವಿಶ್ವವಿದ್ಯಾಲಯವೂ ಅದೇ ಸಂಖ್ಯೆಯನ್ನು ಬರೆಯುತ್ತದೆ. ಎಲ್ಲರೂ ಬರೆಯುವ ಒಂದೇ ಸಂಖ್ಯೆಯಿಂದ ಯಾರ ಗುಣವೂ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ಅದೇ ಊರಿನಲ್ಲಿರುವ ಖಾಸಗಿ ಕಾಲೇಜು ಈ ಹಂತದ ಯೋಜನೆಯ ಹೊರಗಿರುವುದರಿಂದ, ಒಂದೇ ಬಸ್ಸಿನಲ್ಲಿ ಬರುವ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ತೆರೆದ ಬಾಗಿಲು ಇನ್ನೊಬ್ಬನಿಗೆ ಮುಚ್ಚಿರುತ್ತದೆ.

ಗ್ರಂಥಪಾಲಕ: ಸಂಖ್ಯೆ ಸಮಾನವಾದಾಗ ಬಳಕೆಯನ್ನು ನೋಡಬೇಕಾಗುತ್ತದೆ. ಅದಕ್ಕೆ 2002ರಲ್ಲಿ ಆರಂಭವಾದ ಕೌಂಟರ್ ಯೋಜನೆಯ ಅಂತರರಾಷ್ಟ್ರೀಯ ಸಂಹಿತೆ ಇದೆ. ಒಂದು ಲೇಖನವನ್ನು ಎಷ್ಟು ಬಾರಿ ತೆರೆಯಲಾಯಿತು, ಚಂದಾ ಇಲ್ಲದ ಕಾರಣಕ್ಕೆ ಎಷ್ಟು ಬಾರಿ ನಿರಾಕರಿಸಲಾಯಿತು ಎಂಬುದನ್ನು ಎಲ್ಲ ಪ್ರಕಾಶಕರೂ ಒಂದೇ ರೀತಿಯಲ್ಲಿ ಎಣಿಸಿ ಕೊಡಬೇಕೆಂಬುದು ಅದರ ನಿಯಮ. ಈ ಎರಡನೆಯ ಅಂಕಿ, ನಿರಾಕರಣೆಯ ಅಂಕಿ, ಬಹಳ ಬೆಲೆಯುಳ್ಳದ್ದು, ಏಕೆಂದರೆ ಓದುಗರು ಬಯಸಿದರೂ ಸಿಗದೆಹೋದದ್ದು ಅಲ್ಲಿ ದಾಖಲಾಗುತ್ತದೆ. ಆದರೂ ಅದು ಪ್ರಕಾಶಕರ ಜಾಲತಾಣದವರೆಗೆ ಹೋದ ಓದುಗರನ್ನು ಮಾತ್ರ ಎಣಿಸಬಲ್ಲದು. ಅರಸೀಕೆರೆಯ ಇತಿಹಾಸ ವಿದ್ಯಾರ್ಥಿನಿ ಊರಿನ ಈಶ್ವರ ದೇವಾಲಯವನ್ನು ಕುರಿತು ಕಿರುಪ್ರಬಂಧ ಬರೆಯಲು ಹೊರಟರೆ ಅವಳಿಗೆ ಮೊದಲು ಬೇಕಾಗುವುದು ಬಿ. ಎಲ್. ರೈಸ್ 1902ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಾಸನ ಜಿಲ್ಲೆಯ ಐದನೆಯ ಸಂಪುಟ, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟಗಳು, ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು, ಹೋಲಿಕೆಗೆಂದು ಬೇಲೂರಿನ ಕೇಶವ ದೇವಾಲಯದ ಮೇಲೆ ಆರ್. ನರಸಿಂಹಾಚಾರ್ಯರು 1919ರಲ್ಲಿ ಪ್ರಕಟಿಸಿದ ಪುಸ್ತಕ. 13,000 ನಿಯತಕಾಲಿಕಗಳ ಪಟ್ಟಿ ಎಷ್ಟು ಉದ್ದವಾಗಿದ್ದರೂ ಈ ಪುಸ್ತಕಗಳು ಅದರಲ್ಲಿರುವುದಿಲ್ಲ.

ಅಧ್ಯಾಪಕಿ: ಅವುಗಳಲ್ಲಿ ಕೃತಿಸ್ವಾಮ್ಯ ಮುಗಿದ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವಲ್ಲ?

ಗ್ರಂಥಪಾಲಕ: ಸಿಗುತ್ತವೆ, ಮತ್ತು ಈಗಿನ ಅಳತೆಯ ಒಂದು ವಿಚಿತ್ರ ಫಲ ಅಲ್ಲಿಯೇ ಗೋಚರಿಸುತ್ತದೆ. ಅಂತಹ ಪ್ರತಿಗಳನ್ನು ಹುಡುಕಿ, ಸರಿಯಾದ ಸಂಪುಟವೇ ಎಂದು ಪರಿಶೀಲಿಸಿ, ಕಾಲೇಜಿನ ಕ್ಯಾಟಲಾಗಿನಲ್ಲಿ ಶಾಸನ, ದೇವಾಲಯ, ಗ್ರಾಮಗಳ ಹೆಸರಿನಡಿ ಕನ್ನಡದಲ್ಲಿ ಸೂಚಿ ಮಾಡಿ ಜೋಡಿಸಿದ ಗ್ರಂಥಪಾಲಕರು ವಿದ್ಯಾರ್ಥಿನಿಗೆ ದೊಡ್ಡ ಉಪಕಾರ ಮಾಡಿರುತ್ತಾರೆ, ಆದರೆ ವೆಚ್ಚ ಸೊನ್ನೆಯಾದುದರಿಂದ ವೆಚ್ಚದ ಅಂಕಣದಲ್ಲಿ ಅದಕ್ಕೆ ಜಾಗವಿಲ್ಲ, ಚಂದಾ ಇಲ್ಲದಿರುವುದರಿಂದ ಚಂದಾದ ಅಂಕಣದಲ್ಲಿಯೂ ಇಲ್ಲ. ಅದೇ ಸಮಯದಲ್ಲಿ, ಯಾರೂ ತೆರೆಯದ ದತ್ತಸಂಚಯದ ರಸೀದಿ ಎರಡೂ ಅಂಕಣಗಳಲ್ಲಿ ಸಲ್ಲುತ್ತದೆ. ಉಚಿತವಾದುದನ್ನು ಬಳಕೆಗೆ ತರುವ ಶ್ರಮವೇ ಹಂಚಿಕೆಯ ಸಂಪನ್ಮೂಲದ ತಿರುಳು, ಆ ಶ್ರಮವೇ ಮೌಲ್ಯಾಂಕನದ ಕಣ್ಣಿಗೆ ಬೀಳುವುದಿಲ್ಲ.

ಅಧ್ಯಾಪಕಿ: ಕೊರತೆಯ ಪಟ್ಟಿ ಬೆಳೆಯುತ್ತಿದೆ. ಅಳೆಯುವ ದಾರಿ ಯಾವುದು ಎಂಬುದಕ್ಕೆ ಈಗ ಬರಬಹುದು.

ಗ್ರಂಥಪಾಲಕ: ರಿಚರ್ಡ್ ಆರ್ ಎಂಬ ವಿದ್ವಾಂಸ 1973ರಲ್ಲಿಯೇ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದ್ದ: ಗ್ರಂಥಾಲಯ ಎಷ್ಟು ಚೆನ್ನಾಗಿದೆ ಎಂಬುದು ಒಂದು, ಅದರಿಂದ ಎಷ್ಟು ಒಳ್ಳೆಯದಾಗಿದೆ ಎಂಬುದು ಇನ್ನೊಂದು. ಎರಡನೆಯದನ್ನು ನೇರವಾಗಿ ಅಳೆಯುವುದು ಬಹಳ ಕಠಿಣ, ಆದರೆ ಎರಡರ ನಡುವೆ ನಿಲ್ಲುವ ಒಂದು ಅಳತೆಯನ್ನು ಪಾಲ್ ಕ್ಯಾಂಟರ್ 1976ರಲ್ಲಿ ವಿವರಿಸಿದ. ಲಭ್ಯತಾ ವಿಶ್ಲೇಷಣೆ ಎಂಬ ಆ ವಿಧಾನದಲ್ಲಿ, ನಿರ್ದಿಷ್ಟ ಪುಸ್ತಕವನ್ನು ಕೇಳಿಕೊಂಡು ಬಂದ ಓದುಗರಿಗೆ ಅದು ಕೈಗೆ ಸಿಗಬೇಕಾದರೆ ನಾಲ್ಕು ಮೆಟ್ಟಿಲು ದಾಟಬೇಕೆಂದು ಗಣಿಸಲಾಗುತ್ತದೆ: ಗ್ರಂಥಾಲಯ ಅದನ್ನು ತರಿಸಿರಬೇಕು, ಅದು ಬೇರೊಬ್ಬರ ಬಳಿ ಹೋಗಿರಬಾರದು, ಇರಬೇಕಾದ ಜಾಗದಲ್ಲೇ ಇರಬೇಕು, ಕೊನೆಗೆ ಓದುಗರು ಅದನ್ನು ಗುರುತಿಸಬಲ್ಲವರಾಗಿರಬೇಕು. ಉದಾಹರಣೆಗೆ ಈ ನಾಲ್ಕರಲ್ಲಿ ಯಶಸ್ಸಿನ ಪ್ರಮಾಣ ಕ್ರಮವಾಗಿ ಶೇ. 90, 85, 90, 90 ಎಂದು ಇಟ್ಟುಕೊಂಡರೆ ಪ್ರತಿ ಮೆಟ್ಟಿಲೂ ಉತ್ತಮವಾಗಿಯೇ ಕಾಣುತ್ತದೆ, ಆದರೆ ನಾಲ್ಕನ್ನೂ ಗುಣಿಸಿದಾಗ ಉಳಿಯುವುದು ಶೇ. 62ರಷ್ಟು. ನೂರು ಮಂದಿ ಕೇಳಿಕೊಂಡು ಬಂದರೆ ಮೂವತ್ತೆಂಟು ಮಂದಿ ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಅಧ್ಯಾಪಕಿ: ಒಟ್ಟು ಪ್ರಮಾಣಕ್ಕಿಂತ ಯಾವ ಮೆಟ್ಟಿಲಿನಲ್ಲಿ ಎಡವಿದರು ಎಂಬುದೇ ಇಲ್ಲಿ ಹೆಚ್ಚು ಉಪಯುಕ್ತ. ಮೊದಲನೆಯದರಲ್ಲಿ ತಪ್ಪಿದರೆ ಹಣ ಬೇಕು, ಎರಡನೆಯದರಲ್ಲಿ ತಪ್ಪಿದರೆ ಹೆಚ್ಚಿನ ಪ್ರತಿ ಅಥವಾ ಕಡಿಮೆ ಅವಧಿಯ ಎರವಲು ಬೇಕು, ಮೂರನೆಯದಕ್ಕೆ ಕಪಾಟುಗಳನ್ನು ಸರಿಪಡಿಸುವ ಸಹಾಯಕರು ಬೇಕು. ನಾಲ್ಕನೆಯದಕ್ಕೆ ಏನು ಬೇಕು?

ಗ್ರಂಥಪಾಲಕ: ನಾಲ್ಕನೆಯದಕ್ಕೆ ಕ್ಯಾಟಲಾಗು ಬೇಕು, ಅದರಲ್ಲೂ ಕನ್ನಡ ಬಲ್ಲ ಕ್ಯಾಟಲಾಗು. ಕನ್ನಡ ಪುಸ್ತಕಗಳ ವಿವರಗಳನ್ನು ರೋಮನ್ ಲಿಪಿಯಲ್ಲಿ ತುಂಬಿದ ಕಡೆ ಒಂದೇ ಲೇಖಕರ ಹೆಸರು ನಾಲ್ಕಾರು ಕಾಗುಣಿತಗಳಲ್ಲಿ ಚೆದರಿಹೋಗಿರುತ್ತದೆ. ಕಾವ್ಯನಾಮದಲ್ಲಿ ಕೆಲವು ಪುಸ್ತಕ, ಜನ್ಮನಾಮದಲ್ಲಿ ಕೆಲವು ಪುಸ್ತಕ ಸೇರಿಕೊಂಡು, ಹುಡುಕಿದವರಿಗೆ ಅರ್ಧವೇ ಕಾಣುತ್ತದೆ. ಇಂಥ ದೋಷ ಒಂದು ಕಾಲೇಜಿನೊಳಗೆ ಇದ್ದಾಗ ಅನುಭವಿ ಸಹಾಯಕರ ನೆನಪು ಅದನ್ನು ತುಂಬಿಕೊಡುತ್ತದೆ, ಆದರೆ ಹತ್ತು ಕಾಲೇಜುಗಳ ಕ್ಯಾಟಲಾಗುಗಳನ್ನು ಕೂಡಿಸಿ ಒಕ್ಕೂಟ ಕ್ಯಾಟಲಾಗು ಮಾಡಿದಾಗ ಯಾರ ನೆನಪೂ ನೆರವಿಗೆ ಬರುವುದಿಲ್ಲ. ಆದುದರಿಂದ ಹಂಚಿಕೆಯ ಸಂಪನ್ಮೂಲಕ್ಕೆ ಕ್ಯಾಂಟರ್ ವಿಧಾನವನ್ನು ಅನ್ವಯಿಸುವಾಗ ಐದನೆಯ ಮೆಟ್ಟಿಲೊಂದನ್ನು ಸೇರಿಸಬೇಕು: ಇಲ್ಲಿ ಇಲ್ಲದ ಪುಸ್ತಕ ಜಾಲದ ಬೇರೆ ಯಾವ ಗ್ರಂಥಾಲಯದಲ್ಲಿದೆ ಎಂಬುದು ತಿಳಿಯಿತೇ, ತಿಳಿದರೆ ಎಷ್ಟು ದಿನಗಳಲ್ಲಿ ಓದುಗರ ಕೈ ಸೇರಿತು?

ಅಧ್ಯಾಪಕಿ: ಓದುಗರ ಕಾಲವನ್ನು ಉಳಿಸಬೇಕೆಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅದೇ ನಗರದಲ್ಲಿ ತೀರಿಕೊಂಡ ಅವರ ಸೂತ್ರಗಳನ್ನು ಗ್ರಂಥಾಲಯದ ಗೋಡೆಗಳ ಮೇಲೆ ಬರೆಸಿರುವ ಸಂಸ್ಥೆಗಳು ಹಲವು, ದಿನಗಳನ್ನು ಎಣಿಸಿದ ಸಂಸ್ಥೆಗಳು ವಿರಳ. ಆದರೂ ಈ ವಿಧಾನದ ಮೇಲೆ ಎರಡು ಆಕ್ಷೇಪಗಳಿವೆ. ಒಬ್ಬರೇ ಗ್ರಂಥಪಾಲಕರೂ ಒಬ್ಬರೇ ಸಹಾಯಕರೂ ಇರುವ ಕಡೆ ಪ್ರತಿ ಬೇಡಿಕೆಯನ್ನೂ ಬೆನ್ನಟ್ಟಿ ಬರೆಯುವವರು ಯಾರು? ಎರಡನೆಯದಾಗಿ, ಮೂವತ್ತೆಂಟು ಮಂದಿಗೆ ಪುಸ್ತಕ ಸಿಗಲಿಲ್ಲವೆಂದು ಪ್ರಾಮಾಣಿಕವಾಗಿ ಬರೆದ ಕಾಲೇಜಿಗೆ ಅಂಕ ಕಡಿತವಾಗಿ, ಏನನ್ನೂ ಬರೆಯದ ಕಾಲೇಜಿಗೆ ಪೂರ್ಣ ಅಂಕ ಸಿಗುವುದಾದರೆ ಯಾರು ತಾನೇ ಬರೆಯುತ್ತಾರೆ?

ಗ್ರಂಥಪಾಲಕ: ಮೊದಲನೆಯ ಆಕ್ಷೇಪಕ್ಕೆ ಉತ್ತರ ಸುಲಭ. ವರ್ಷವಿಡೀ ಬರೆಯುವ ಅಗತ್ಯವಿಲ್ಲ; ಪ್ರತಿ ಸೆಮಿಸ್ಟರಿನಲ್ಲಿ ಒಂದು ವಾರ, ಪರೀಕ್ಷೆಯ ಒತ್ತಡ ಇರುವ ಒಂದು ಕಾಲದಲ್ಲಿಯೂ ಇಲ್ಲದ ಒಂದು ಕಾಲದಲ್ಲಿಯೂ ಮಾದರಿ ಸಂಗ್ರಹಿಸಿದರೆ ಸಾಕು. ಓದುಗರ ಹೆಸರಾಗಲಿ ನೋಂದಣಿ ಸಂಖ್ಯೆಯಾಗಲಿ ಬೇಕಿಲ್ಲ, ಬರೆಯಲೂಬಾರದು, ಏಕೆಂದರೆ ಯಾರು ಏನನ್ನು ಓದಲು ಬಯಸಿದರು ಎಂಬುದು ಅವರ ಖಾಸಗಿ ವಿಷಯ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಂತರ ಆ ಎಚ್ಚರ ಇನ್ನಷ್ಟು ಅಗತ್ಯ. ಎರಡನೆಯ ಆಕ್ಷೇಪ ಗಂಭೀರವಾದದ್ದು. ಅದಕ್ಕೆ ಪರಿಹಾರವೆಂದರೆ ವೈಫಲ್ಯದ ಪ್ರಮಾಣಕ್ಕೆ ಅಂಕವನ್ನು ಕಟ್ಟಿಹಾಕದೆ, ಕಳೆದ ಬಾರಿ ದಾಖಲಾದ ವೈಫಲ್ಯಗಳಲ್ಲಿ ಎಷ್ಟನ್ನು ಈ ಬಾರಿ ಸರಿಪಡಿಸಲಾಗಿದೆ ಎಂಬುದಕ್ಕೆ ಕಟ್ಟುವುದು.

ಅಧ್ಯಾಪಕಿ: ಆಗ ಸುಲಭವಾಗಿ ಸರಿಪಡಿಸಬಹುದಾದ ವೈಫಲ್ಯಗಳನ್ನು ಮಾತ್ರ ಬರೆದುಕೊಂಡು, ಕಠಿಣವಾದವುಗಳನ್ನು ಕೈಬಿಡುವ ಅಭ್ಯಾಸ ಹುಟ್ಟುತ್ತದೆ. ಅಂಕಕ್ಕೆ ಕಟ್ಟಿದ ಯಾವ ಅಳತೆಗೂ ಇದು ತಪ್ಪಿದ್ದಲ್ಲ.

ಗ್ರಂಥಪಾಲಕ: ಹೌದು, ಆದುದರಿಂದ ಮಾದರಿ ಸಂಗ್ರಹಿಸುವವರು ಅದೇ ಕಾಲೇಜಿನವರಾಗಬಾರದು. ಅರಸೀಕೆರೆಯ ವಾರವನ್ನು ಬೇಲೂರಿನ ಕಾಲೇಜಿನವರೂ ಬೇಲೂರಿನದನ್ನು ಚನ್ನರಾಯಪಟ್ಟಣದವರೂ ನೋಡಿಕೊಂಡರೆ, ದಿನಾಂಕವನ್ನು ವಿಶ್ವವಿದ್ಯಾಲಯ ಆರಿಸಿದರೆ, ತಿರುಚುವ ಅವಕಾಶ ಕಡಿಮೆಯಾಗುತ್ತದೆ. ಇದರಿಂದ ಬರುವ ಇನ್ನೊಂದು ಲಾಭವೂ ಇದೆ. ಒಂದು ಕಾಲೇಜಿನವರು ಇನ್ನೊಂದರ ಸಂಗ್ರಹವನ್ನು ಕಣ್ಣಾರೆ ಕಂಡಾಗ ಎಲ್ಲಿ ಏನಿದೆ ಎಂಬ ಪರಿಚಯ ಬೆಳೆಯುತ್ತದೆ, ಹಂಚಿಕೆ ಆರಂಭವಾಗಲು ಅದೇ ಮೊದಲ ಷರತ್ತು.

ಅಧ್ಯಾಪಕಿ: ಆಡಳಿತಗಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗ್ರಂಥಾಲಯದ ಬಳಕೆಯಿಂದ ಫಲಿತಾಂಶ ಎಷ್ಟು ಉತ್ತಮಗೊಂಡಿತು ಎಂದು ಕೇಳುತ್ತಾರೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ವಿಶ್ವವಿದ್ಯಾಲಯ 2011ರ ಸುಮಾರಿಗೆ ಇತರ ಕೆಲವು ವಿಶ್ವವಿದ್ಯಾಲಯಗಳ ಜೊತೆಗೂಡಿ ನಡೆಸಿದ ಅಧ್ಯಯನದಲ್ಲಿ ಹೆಚ್ಚು ಪುಸ್ತಕ ಎರವಲು ಪಡೆದವರು ಪದವಿಯಲ್ಲಿ ಉತ್ತಮ ದರ್ಜೆ ಪಡೆದಿರುವುದು ಕಂಡುಬಂದಿತ್ತು.

ಗ್ರಂಥಪಾಲಕ: ಆ ಅಧ್ಯಯನ ತೋರಿಸಿದ್ದು ಎರಡೂ ಜೊತೆಜೊತೆಗೆ ಇರುವುದನ್ನು, ಒಂದರಿಂದ ಇನ್ನೊಂದು ಆಯಿತೆಂಬುದನ್ನಲ್ಲ, ಚೆನ್ನಾಗಿ ಓದುವವರೇ ಹೆಚ್ಚು ಪುಸ್ತಕ ಪಡೆಯುವುದೂ ಸಹಜ. ಪರೀಕ್ಷೆಯ ಫಲಿತಾಂಶಕ್ಕೆ ಗ್ರಂಥಾಲಯವನ್ನು ಕಟ್ಟಿದರೆ, ಗೈಡುಗಳನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಮಾತ್ರ ಪೇರಿಸಿದ ಗ್ರಂಥಾಲಯವೇ ಶ್ರೇಷ್ಠವೆನಿಸಬಹುದು. ಬಳಕೆಯ ಎಣಿಕೆಗೂ ಅದೇ ಎಚ್ಚರ ಬೇಕು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಕೊಂಡ ಪುಸ್ತಕಗಳಲ್ಲಿ ಸುಮಾರು ಶೇ. 40ರಷ್ಟು ಮೊದಲ ಆರೇಳು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಲಿಲ್ಲವೆಂದು 1979ರಲ್ಲಿ ಪ್ರಕಟವಾದ ವರದಿ ದೊಡ್ಡ ವಾದವನ್ನೇ ಎಬ್ಬಿಸಿತ್ತು. ಕೊಳ್ಳುವಾಗ ಎಚ್ಚರ ಬೇಕೆಂಬುದು ಅದರ ಸರಿಯಾದ ಪಾಠ, ಅಪರೂಪಕ್ಕೆ ಓದುವ ಪುಸ್ತಕ ಬೇಡವೆಂಬುದು ತಪ್ಪು ಪಾಠ. ಶಾಸನ ಸಂಪುಟವನ್ನು ಐದು ವರ್ಷಕ್ಕೊಬ್ಬರು ತೆರೆದರೂ ಅವರಿಗೆ ಅದಕ್ಕೆ ಬದಲಿ ಇಲ್ಲ. ಪ್ರತಿ ಕಾಲೇಜೂ ಅದನ್ನು ಕೊಳ್ಳಬೇಕಿಲ್ಲ, ಆದರೆ ಜಿಲ್ಲೆಯಲ್ಲಿ ಒಂದು ಕಡೆ ಅದು ಇರಬೇಕು, ಇರುವುದು ಎಲ್ಲರಿಗೂ ತಿಳಿದಿರಬೇಕು. ಹಂಚಿಕೆಗೆ ಅರ್ಥ ಬರುವುದು ಇಂಥ ಕಡೆಗಳಲ್ಲಿಯೇ.

ಅಧ್ಯಾಪಕಿ: ಹಾಗಾದರೆ ಅಳೆಯಬೇಕಾದ ಘಟಕ ಕಾಲೇಜು ಆಗಿರಲಾರದು.

ಗ್ರಂಥಪಾಲಕ: ಕಾಲೇಜು ಆಗಿರಲಾರದು, ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯವೂ ಆಗಿರಲಾರದು. ಕೆರೆಯನ್ನು ಏರಿಯ ಎತ್ತರದಿಂದ ಹೊಗಳದೆ, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಹೋಯಿತೇ ಎಂದು ವಿಚಾರಿಸುವ ರೂಢಿ ಈ ಸೀಮೆಯ ರೈತರಿಗೆ ಹೊಸದಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯ ವ್ಯವಸ್ಥೆಯನ್ನೂ ಹಾಗೆಯೇ, ಹೇಮಗಂಗೋತ್ರಿಯ ಕಟ್ಟಡವನ್ನು ನೋಡಿ ನಿರ್ಣಯಿಸದೆ, ಜಾವಗಲ್ಲಿನಿಂದ ಬರುವ ವಿದ್ಯಾರ್ಥಿನಿಗೆ ಅದರ ಪ್ರಯೋಜನ ಎಷ್ಟು ದಿನಗಳಲ್ಲಿ ತಲುಪಿತು ಎಂಬುದರಿಂದ ನಿರ್ಣಯಿಸಬೇಕು. ಆ ವಿದ್ಯಾರ್ಥಿನಿ ಕಾಲೇಜು ಮುಗಿಸಿ ಊರಿಗೆ ಹಿಂದಿರುಗಿದ ಮೇಲೂ ಓದುಗಾರ್ತಿಯೇ ಆಗಿರುತ್ತಾಳೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲಿನ ಕರದಿಂದ ನಡೆಯುವ ಪಟ್ಟಣದ ಗ್ರಂಥಾಲಯಗಳಿವೆ, 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ ಈಗ 'ಅರಿವು ಕೇಂದ್ರ'ಗಳೆನಿಸಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಉನ್ನತ ಶಿಕ್ಷಣದ ಮೌಲ್ಯಾಂಕನ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅವು ಬೇರೆ ಇಲಾಖೆಗಳಿಗೆ ಸೇರಿವೆ.

ಅಧ್ಯಾಪಕಿ: ಘಟಕದ ಪ್ರಶ್ನೆಗೆ ರಾಜಕೀಯದ ಮುಖವೂ ಇದೆ, ಸರ್. ಹಾಸನ ವಿಶ್ವವಿದ್ಯಾಲಯ ಆರಂಭವಾಗಿ ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರವರಿಯಲ್ಲಿ, ಅದೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂದಿತು. ಹಣಕಾಸು, ಹುದ್ದೆಗಳು, ಕಟ್ಟಡಗಳು ಆ ಚರ್ಚೆಯನ್ನು ತುಂಬಿಕೊಂಡವು. ವಿದ್ಯಾರ್ಥಿಗಳಿಗೆ ಯಾವ ಪುಸ್ತಕ ಎಷ್ಟು ದಿನಗಳಲ್ಲಿ ಸಿಗುತ್ತಿದೆ ಎಂಬ ದಾಖಲೆ ಇದ್ದಿದ್ದರೆ, ವಿಶ್ವವಿದ್ಯಾಲಯ ಜಿಲ್ಲೆಗೆ ಬಂದುದರಿಂದ ಓದುವವರಿಗೆ ಲಾಭವಾಗಿದೆಯೇ ಅಥವಾ ಮೈಸೂರಿನ ಸಂಗ್ರಹದಿಂದ ದೂರವಾದಂತಾಗಿದೆಯೇ ಎಂಬುದಕ್ಕೆ ಆಧಾರಸಹಿತ ಉತ್ತರವಾದರೂ ಇರುತ್ತಿತ್ತು.

ಗ್ರಂಥಪಾಲಕ: ವಿಶ್ವವಿದ್ಯಾಲಯದ ಗಡಿ ಬದಲಾದರೂ ಕಾಲೇಜು, ಪಟ್ಟಣದ ಗ್ರಂಥಾಲಯ, ಪಂಚಾಯಿತಿಯ ಅರಿವು ಕೇಂದ್ರಗಳು ಇದ್ದಲ್ಲೇ ಇರುತ್ತವೆ. ಆದುದರಿಂದ ದಾಖಲೆಯನ್ನು ತಾಲ್ಲೂಕಿನ ಮಟ್ಟದಲ್ಲಿ ಇಟ್ಟು, ಅದನ್ನು ಯಾವ ವಿಶ್ವವಿದ್ಯಾಲಯದ ವರದಿಗಾದರೂ ಸೇರಿಸುವಂತೆ ರೂಪಿಸುವುದು ವಿವೇಕ. ಗ್ರಂಥಾಲಯಗಳ ಕಾರ್ಯಸಾಧನೆಗೆ ಐಎಸ್‌ಒ 11620 ಎಂಬ ಅಂತರರಾಷ್ಟ್ರೀಯ ಮಾನಕವಿದ್ದು, ಕೇಳಿದ ಪುಸ್ತಕಗಳ ಲಭ್ಯತೆ, ಬೇರೆ ಗ್ರಂಥಾಲಯಗಳಿಂದ ತರಿಸಿಕೊಡುವ ವೇಗ ಮೊದಲಾದ ಸೂಚಕಗಳನ್ನು ಎಣಿಸುವ ವಿಧಾನ ಅಲ್ಲಿ ವಿವರವಾಗಿದೆ. ಹೊಸದಾಗಿ ಕಂಡುಹಿಡಿಯಬೇಕಾದುದು ಕಡಿಮೆ, ಕನ್ನಡದ ಕ್ಯಾಟಲಾಗಿಗೂ ಸಣ್ಣ ಊರಿನ ಸಿಬ್ಬಂದಿಗೂ ಒಗ್ಗಿಸಬೇಕಾದುದು ಹೆಚ್ಚು.

ಅಧ್ಯಾಪಕಿ: ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ. ನ್ಯಾಕ್ 2024ರ ಆರಂಭದಲ್ಲಿ ಪ್ರಕಟಿಸಿದ ಸುಧಾರಣೆಯ ಪ್ರಕಾರ ಶ್ರೇಣಿಗಳ ಬದಲು ಸಂಸ್ಥೆ ಮಾನ್ಯತೆ ಪಡೆದಿದೆ ಅಥವಾ ಪಡೆದಿಲ್ಲ ಎಂಬ ಎರಡೇ ಉತ್ತರಗಳ ಪದ್ಧತಿ ಬರಬೇಕಿದೆ. ಹೌದು, ಇಲ್ಲ ಎಂಬ ಎರಡೇ ಮನೆಗಳಿರುವ ಕಡೆ ಐದು ಮೆಟ್ಟಿಲುಗಳ ಈ ಸೂಕ್ಷ್ಮ ಲೆಕ್ಕಕ್ಕೆ ಯಾವ ಸ್ಥಾನ?

ಗ್ರಂಥಪಾಲಕ: ರಾಷ್ಟ್ರಮಟ್ಟದ ಸಂಸ್ಥೆ ಕೇವಲ ಕನಿಷ್ಠ ಅರ್ಹತೆಯನ್ನು ನೋಡುವುದಾದರೆ, ಅದರ ಮೇಲಿನ ಗುಣವನ್ನು ಗುರುತಿಸುವ ಹೊಣೆ ವಿಶ್ವವಿದ್ಯಾಲಯಕ್ಕೂ ಅದರ ಕಾಲೇಜುಗಳಿಗೂ ಹಿಂದಿರುಗುತ್ತದೆ. ಹೊರಗಿನವರಿಗೆ ತೋರಿಸಲು ಮಾಡುವ ಅಳತೆಯಲ್ಲಿ ದೋಷವನ್ನು ಮುಚ್ಚುವ ಆಮಿಷ ಸದಾ ಇರುತ್ತದೆ, ತಮ್ಮ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ತಿಳಿಯಲು ಮಾಡುವ ಅಳತೆಯಲ್ಲಿ ದೋಷವನ್ನು ಹುಡುಕುವುದೇ ಲಾಭ. ಸಿಗದೆಹೋದ ಪುಸ್ತಕಗಳ ಪಟ್ಟಿ ಕಾಲೇಜಿನ ಗ್ರಂಥಾಲಯ ಸಮಿತಿ ಮುಂದಿನ ವರ್ಷದ ಖರೀದಿಯನ್ನು ನಿರ್ಧರಿಸುವ ಮೊದಲು ಅದರ ಮೇಜಿಗೆ ಬರಬೇಕು, ಯಾವ ಪುಸ್ತಕವನ್ನು ಯಾವ ಕಾಲೇಜು ಕೊಂಡು ಉಳಿದವರಿಗೆ ಎರವಲು ಕೊಡಬೇಕೆಂಬುದು ಅದೇ ಸಭೆಯಲ್ಲಿ ತೀರ್ಮಾನವಾಗಬೇಕು. ಆರಂಭಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಅನುದಾನವೂ ಬೇಕಿಲ್ಲ. ನಾಲ್ಕು ಕಾಲೇಜುಗಳ ಒಪ್ಪಿಗೆ ಸಾಕು.

ಅಧ್ಯಾಪಕಿ: ಐಕ್ಯೂಎಸಿ ಪ್ರತಿವರ್ಷ ಸಲ್ಲಿಸುವ ಗುಣಮಟ್ಟದ ವರದಿಗೆ ಆ ಪಟ್ಟಿಯನ್ನು ಅನುಬಂಧವಾಗಿ ಸೇರಿಸಲು ಯಾವ ನಿಯಮದ ಅಡ್ಡಿಯೂ ಇಲ್ಲ. ಆದರೆ ಒಂದು ಷರತ್ತು. ಸಭೆಯಲ್ಲಿ ಪುಸ್ತಕ ಸಿಗದೆ ಹಿಂದಿರುಗಿದ ವಿದ್ಯಾರ್ಥಿಗಳ ಪ್ರತಿನಿಧಿಯೂ ಕುಳಿತಿರಬೇಕು, ಕಳೆದ ಬಾರಿಯ ಪಟ್ಟಿಯಿಂದ ಏನನ್ನು ತರಿಸಲಾಗಿದೆ, ಏನನ್ನು ಏಕೆ ತರಿಸಲಾಗಿಲ್ಲ ಎಂಬುದನ್ನು ಅವರ ಎದುರಿಗೇ ಓದಬೇಕು. ಅಧ್ಯಾಪಕರೂ ಗ್ರಂಥಪಾಲಕರೂ ಮಾತ್ರ ಸೇರಿ ಒಪ್ಪಿಕೊಂಡರೆ, ಆ ಪಟ್ಟಿಯೂ ಮುಂದಿನ ಪರಿಶೀಲನಾ ತಂಡಕ್ಕಾಗಿ ಕಾಯ್ದಿರಿಸಿದ ಇನ್ನೊಂದು ಕಡತವಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ.